ಹರಿದ ಕಿವಿಯ ಸವಾರ

ಶಾಲೆಯಲ್ಲಿ ಚಿತ್ರಕಲೆ ಕಲಿಸಿ ನಿವೃತ್ತರಾದ ಟೀಚರಿಗೆ ಕೈಕಟ್ಟಿ ಕೂರುವುದು ಆಗದು. ಯುದ್ಧಕಾಲದ ಹಳೆಯ ಫೋಟೊಗಳಲ್ಲಿರುವ ಸೈನಿಕ ಯಾರು, ಯಾವ ರೆಜಿಮೆಂಟಿನವನು ಎಂದು ಪತ್ತೆಹಚ್ಚುವ ಹುಚ್ಚು ಹತ್ತಿಸಿಕೊಂಡರು. ಟೋಪಿಯ ಬಿಲ್ಲೆ, ಹೆಗಲ ಪಟ್ಟಿ, ಅಂಗಿಯ ಗುಂಡಿಗಳ ಮೇಲೆ ಭೂತಗನ್ನಡಿ ಹಿಡಿದರೆ ಒಲೆಯ ಮೇಲೆ ಹಾಲು ಉಕ್ಕಿದ್ದೂ ತಿಳಿಯುತ್ತಿರಲಿಲ್ಲ. ಊಟದ ಮೇಜಿನ ತುಂಬ ಫೋಟೊಗಳು.

“ಸತ್ತವರೆಲ್ಲ ಮೇಜಿನ ಮೇಲೆ, ಬದುಕಿರೋ ಗಂಡ ತಟ್ಟೆ ಹಿಡ್ಕೊಂಡು ಕಿಟಕಿ ಹತ್ರ!” ಎಂದು ಯಜಮಾನರು ಗೊಣಗುವರು. ಗೊಣಗುತ್ತಲೇ ದೀಪವನ್ನು ಹತ್ತಿರ ಸರಿಸಿ ಕೊಡುವರು.

ಒಂದು ಬೆಳಿಗ್ಗೆ ಹಿಂದಿನ ಬೀದಿಯ ನರ್ಸಮ್ಮ ಫೋಟೊ ಒಂದನ್ನು ಎದೆಗವಚಿಕೊಂಡು ಬಂದರು. ಅವರು ತಾಯಿಯ ಹೊಟ್ಟೆಯಲ್ಲಿದ್ದಾಗ ಯುದ್ಧಕ್ಕೆ ಹೋದ ತಂದೆ ಮರಳಲೇ ಇಲ್ಲ; ಹೆರಿಗೆಗೆ ಮೊದಲೇ ಸಾವಿನ ತಂತಿ ಬಂದಿತ್ತು.

“ಅಪ್ಪ ಅಂತ ಅಮ್ಮ ತೋರಿಸಿದ್ದು ಇದೊಂದೇ. ಅಪ್ಪನ ಪದಕವೂ ಇದೆ. ಎಲ್ಲಿದ್ರು, ಯಾರ ಜೊತೆ ಇದ್ರು ಅಂತ ತಿಳಿದ್ರೆ ಸಾಕು.”

ಪದಕದ ಅಂಚಿನಲ್ಲಿ ಕೊರೆದಿದ್ದದ್ದು ಕಾಲಾಳು ಪಡೆಯೊಂದರ ಹೆಸರು. ಫೋಟೊದ ಯುವಕನ ಬೂಟಿನ ಹಿಮ್ಮಡಿಯಲ್ಲೋ, ಕುದುರೆಯನ್ನು ತಿವಿಯುವ ಮುಳ್ಳು! ಟೀಚರು ಭೂತಗನ್ನಡಿ ಕೆಳಗಿಟ್ಟರು. “ನೋಡಿ ಹೇಳ್ತೀನಿ” ಎಂದಷ್ಟೇ ಹೇಳಿ ಕಳಿಸಿದರು.

ನಡುವೆ ಪಡೆ ಬದಲಾಯಿಸಿರಬಹುದು ಎಂದು ತಮಗೆ ತಾವೇ ಸಮಾಧಾನ ಹೇಳಿಕೊಂಡರು. ಮನಸ್ಸು ಒಪ್ಪಲಿಲ್ಲ. ಯುವಕನ ಬಲಗಿವಿಯ ತುದಿ ಹರಿದಿತ್ತು. ಆ ಕಿವಿಗಾಗಿ ಕುದುರೆ ಪಡೆಗಳ ಗುಂಪು ಚಿತ್ರಗಳನ್ನೆಲ್ಲ ಜಾಲಾಡಿದರು. ಕೊನೆಗೆ ಸಿಕ್ಕಿಯೇ ಸಿಕ್ಕಿತು. ಅದೇ ಕಿವಿ, ಅದೇ ಗದ್ದ. ಮುಂದಿನ ಸಾಲಿನವನು ಹಿಡಿದ ಹಲಗೆಯ ಮೇಲೆ ಯುದ್ಧ ಮುಗಿದ ವರ್ಷ. ನರ್ಸಮ್ಮನ ತಂದೆ ಅದಕ್ಕೆ ಎಷ್ಟೋ ಮೊದಲೇ ತೀರಿಕೊಂಡಿದ್ದರು.

ಹೇಳುವುದು ಹೇಗೆ? ಟೀಚರಿಗೆ ಕೂತಲ್ಲಿ ಕೂರಲಾಗದು, ನಿಂತಲ್ಲಿ ನಿಲ್ಲಲಾಗದು. ಫೋನು ಬಡಿದುಕೊಂಡರೆ ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸುವರು.

“ಎಷ್ಟು ದಿನ ಅಂತ ಮೈ ತೊಳೀತೀಯ? ಹೋಗಿ ಹೇಳಿ ಬಾ,” ಎಂದರು ಯಜಮಾನರು.

ನರ್ಸಮ್ಮ ಎಲ್ಲವನ್ನೂ ಕೇಳಿಸಿಕೊಂಡು, ಫೋಟೊ ತೆಗೆದ ಮೇಲೆ ತಮ್ಮ ಮನೆಯ ಗೋಡೆಯಲ್ಲಿ ಖಾಲಿ ಬಿದ್ದ ಮೊಳೆಯನ್ನೇ ನೋಡುತ್ತ ಕೂತರು.

“ಅಮ್ಮನಿಗೆ ಗೊತ್ತಿತ್ತು ಅಂತೀರಾ?”

“ಗಂಡನ ಮುಖ ಗೊತ್ತಿಲ್ಲದೆ ಇರುತ್ತಾ, ಅಕ್ಕ?”

“ಅಪ್ಪ ಹೇಗಿದ್ದ, ಅಪ್ಪ ಹೇಗಿದ್ದ ಅಂತ ಪ್ರಾಣ ತಿಂತಿದ್ದೆ ನಾನು. ಅಪ್ಪನ ಪೆಟ್ಟಿಗೆಯಲ್ಲಿ ಯಾರೋ ಸ್ನೇಹಿತನ ಫೋಟೊ ಇದ್ದಿರಬೇಕು. ಪಾಪ, ಇನ್ನೇನು ತೋರಿಸ್ತಾಳೆ?” ಎಂದು ಕಣ್ಣೊರೆಸಿಕೊಂಡರು. ಆಮೇಲೆ ತಟ್ಟನೆ, “ಇವನಿಗೂ ಮನೆ, ಮಕ್ಕಳು ಇರ್ತಾರಲ್ಲ? ಹುಡುಕಿ,” ಎಂದರು.

ಅಲ್ಲಿಂದ ಇಬ್ಬರಿಗೂ ನೆಮ್ಮದಿ ಇಲ್ಲ. ಮಾಜಿ ಸೈನಿಕರ ಸಂಘಗಳಿಗೆ ಫೋಟೊದ ಪ್ರತಿ ಕಳಿಸಿದರು. ಪ್ರತಿದಿನವೂ ನರ್ಸಮ್ಮನ ಫೋನು: “ಏನಾದ್ರೂ ಬಂತಾ?” ಬೇಸಿಗೆ ಕಳೆದ ಮೇಲೆ ಸಂಘವೊಂದರಿಂದ ಸುದ್ದಿ ತಿಳಿದು ದೂರದ ಊರಿನ ದರ್ಜಿ ಹೆಂಗಸೊಬ್ಬಳು ನರ್ಸಮ್ಮನ ಮನೆಗೆ ಬಂದಳು. ಫೋಟೊ ನೋಡಿದ್ದೇ ತಡ, ಕಿವಿಯ ಮೇಲೆ ಬೆರಳಿಟ್ಟಳು.

“ನಮ್ಮಪ್ಪ! ಎಳೇ ವಯಸ್ಸಲ್ಲಿ ನಾಯಿ ಕಚ್ಚಿದ ಕಿವಿ. ಇಷ್ಟು ಚಿಕ್ಕ ಪ್ರಾಯದಲ್ಲಿ ನಾನು ಅವರನ್ನ ನೋಡೇ ಇಲ್ಲ.”

“ನಿಮ್ಮಪ್ಪ ಹೇಗಿದ್ರಮ್ಮ?” ಎಂದು ಕೇಳಿದರು ನರ್ಸಮ್ಮ.

“ಮುಂಗೋಪಿ. ಆದ್ರೆ ನಮಗೆ ಹುಷಾರಿಲ್ಲ ಅಂದ್ರೆ ಪಕ್ಕದಿಂದ ಏಳ್ತಿರಲಿಲ್ಲ.”

ಸ್ನೇಹಿತನ ಬಗ್ಗೆ, ಯುದ್ಧದ ಬಗ್ಗೆ ಆತ ಮನೆಯಲ್ಲಿ ತುಟಿ ಬಿಚ್ಚಿರಲಿಲ್ಲವಂತೆ. ನರ್ಸಮ್ಮ ಅವಳ ಕೈಯನ್ನು ಸಂಜೆಯವರೆಗೂ ಬಿಡಲಿಲ್ಲ. ಫೋಟೊದ ಒಂದು ಪ್ರತಿಯನ್ನು ಅವಳಿಗೆ ಕೊಟ್ಟು, ಮೂಲ ಫೋಟೊವನ್ನು ಮತ್ತೆ ಅದೇ ಮೊಳೆಗೆ ತೂಗುಹಾಕಿದರು. “ಇಷ್ಟು ವರ್ಷ ಅಪ್ಪ ಅಂದಿದ್ದೀನಿ. ಈಗ ಹೋಗು ಅಂತ ಹೇಗೆ ಹೇಳಲಿ?”

ಟೀಚರಿಗೆ ಮಾತ್ರ ಈಗಲೂ ತಳಮಳ. ಆ ಕಾಲಾಳು ಪಡೆಯ ಚಿತ್ರ ಯಾವುದೇ ಸಿಗಲಿ, ನರ್ಸಮ್ಮನ ಅಗಲ ಹಣೆ, ಮೊಂಡು ಮೂಗು ಯಾರಿಗಾದರೂ ಇದೆಯೇ ಎಂದು ಸಾಲು ಸಾಲಾಗಿ ಹುಡುಕುತ್ತಾರೆ. ನಾಲ್ಕಾರು ಜನ ಹೋಲುತ್ತಾರೆ. ಯಾರೆಂದು ಹೇಳಲು ಒಬ್ಬರೂ ಉಳಿದಿಲ್ಲ.