ಹದಿನೈದು ನಿಮಿಷದ ನಿಯಮ

ಯೂಸ್ಟೇಸ್ ಕ್ರಾಸ್ತಾ ದೋಹಾಕ್ಕೆ ಬಂದ ಕಾಲಕ್ಕೆ ಅಲ್ಲಿ ಕರಾವಳಿಯವರ ಫುಟ್‌ಬಾಲ್ ತಂಡ ಇದ್ದದ್ದೇ ಒಂದು. ಅದರಲ್ಲಿ ಅವರು ಹನ್ನೊಂದು ವರ್ಷ ಮರಳು ನೆಲದಲ್ಲಿ ಮಂಡಿ ತರಚಿಕೊಂಡು ಆಡಿದರು. ಮೊಣಕಾಲು ಕೈಕೊಟ್ಟ ಮೇಲೂ ಮೈದಾನ ಬಿಡಲಿಲ್ಲ. ಅಲ್ ಸದ್ದ್ ಬಡಾವಣೆಯ ಆಫೀಸೊಂದರಲ್ಲಿ ಗುಮಾಸ್ತಗಿರಿ ಮಾಡುತ್ತಲೇ ಎಂಟು ತಂಡಗಳ ಲೀಗ್ ಕಟ್ಟಿ, ಕಾರ್ಯದರ್ಶಿಯಾಗಿ, ಸಮಿತಿಯವರೊಡನೆ ಕೂತು, ನಿಯಮಗಳನ್ನೂ ತಾವೇ ಬರೆದರು.

೨೦೦೭ರ ಏಪ್ರಿಲ್‌ನ ಒಂದು ಶುಕ್ರವಾರ, ಅಲ್ಲಿನ ವಾರದ ರಜೆಯ ದಿನ, ಅಲ್ ರಯ್ಯಾನ್‌ನ ಮೈದಾನದಲ್ಲಿ ಅವರ ಹಳೆಯ ತಂಡಕ್ಕೂ ಲುಸೈಲ್‌ನ ಕಟ್ಟಡ ಕೆಲಸಗಾರರ ಹೊಸ ತಂಡಕ್ಕೂ ಪಂದ್ಯ. ಗೆದ್ದವರು ಸೆಮಿಫೈನಲ್‌ಗೆ. ಆಟ ನಾಲ್ಕು ಗಂಟೆಗೆ ಶುರುವಾಗಬೇಕಿತ್ತು; ಕೆಲಸಗಾರರ ಸುಳಿವಿಲ್ಲ. ಹದಿನೈದು ನಿಮಿಷ ತಡವಾದರೆ ಎದುರಾಳಿಗೆ ಗೆಲುವು ಎಂಬುದು ನಿಯಮ. ನಾಲ್ಕೂಕಾಲಕ್ಕೆ ಯೂಸ್ಟೇಸ್ ಗಡಿಯಾರ ನೋಡಿ, ಹಳೆಯ ತಂಡ ಗೆದ್ದಿತೆಂದು ಸಹಿ ಹಾಕಿದರು.

ನಾಲ್ಕೂವರೆಗೆ ಕಂಪನಿಯ ಬಸ್ಸು ಬಂತು. ತಂಡದ ನಾಯಕ, ಬಡಗಿ ಅಣ್ಣು, ಕೆಲಸದ ಬಟ್ಟೆಯಲ್ಲೇ ಇಳಿದು ಓಡಿಬಂದ.

"ಖಲಾಸ್ ಅಣ್ಣು. ರೂಲ್ ಅಂದ್ರೆ ರೂಲ್," ಎಂದರು ಯೂಸ್ಟೇಸ್.

"ಆಯ್ತು ಸರ್. ಆದ್ರೆ ನಮಗೆ ಶುಕ್ರವಾರ ಸಹ ಕೆಲಸ ಉಂಟು. ಬಸ್ಸು ಯಾವಾಗ ಬಿಡುದು ಅಂತ ಹೇಳುದು ಫೋರ್‌ಮನ್, ನಾವಲ್ಲ."

ಅವನು ಜಗಳಕ್ಕೆ ನಿಂತಿದ್ದರೆ ಯೂಸ್ಟೇಸರಿಗೆ ಹಗುರಾಗುತ್ತಿತ್ತು. ಅವನು ಹುಡುಗರನ್ನು ಕರೆದುಕೊಂಡು ಸುಮ್ಮನೆ ಬಸ್ಸು ಹತ್ತಿದ.

ಮರುದಿನ ಊಟದ ಹೊತ್ತಿಗೆ ಹೆಂಡತಿ ರೋಸ್‌ಮೇರಿ ಎಲ್ಲವನ್ನೂ ಕೇಳಿಸಿಕೊಂಡು, "ಆ ರೂಲ್ ಬರೆಯುವಾಗ ಎಷ್ಟು ಜನ ಕೂತಿದ್ರಿ?" ಎಂದಳು.

"ಐದು."

"ಐದು ಜನರಿಗೂ ಕಾರಿತ್ತು ಅಲ್ವಾ?"

ಯೂಸ್ಟೇಸ್ ಅರ್ಧ ಊಟಕ್ಕೇ ಎದ್ದು ನಿಯಮದ ಹಾಳೆ ಹುಡುಕತೊಡಗಿದರು.

ಆ ವಾರದ ಲೀಗ್ ಸಭೆಯಲ್ಲಿ ಎದ್ದು ನಿಂತು, "ಸಹಿ ನನ್ನದು, ತಪ್ಪೂ ನನ್ನದೇ. ಮ್ಯಾಚ್ ಪುನಃ ಆಗ್ಬೇಕು," ಎಂದರು. ಹಳೆಯ ತಂಡದ ನಾಯಕ ನೆವಿಲ್‌ನ ಮುಖ ಕೆಂಪಗಾಯಿತು.

"ಅಂಕಲ್, ನೀವು ನಮ್ಮವರಲ್ವಾ?"

"ಆಡುವಾಗ ನಿಮ್ಮವನೇ ಮಾರಾಯ. ಈಗ ಎಂಟು ಟೀಮಿನವನು."

ಮತಕ್ಕೆ ಹಾಕಿದಾಗ ಒಂದೇ ಮತದ ಅಂತರದಿಂದ ಅವರ ಮಾತು ಉಳಿಯಿತು. ಅವರೇ ಲುಸೈಲ್‌ಗೆ ಹೋಗಿ ಫೋರ್‌ಮನ್‌ನಿಂದ ಬಸ್ಸಿನ ಹೊತ್ತು ಕೇಳಿ ತಿಳಿದು, ದೀಪಗಳಿದ್ದ ಇನ್ನೊಂದು ಮೈದಾನ ಹುಡುಕಿ, ಆಟವನ್ನು ಆರು ಗಂಟೆಗೆ ಇಟ್ಟರು. ಅಣ್ಣುವಿನ ತಂಡ ಎರಡು–ಒಂದರಿಂದ ಗೆದ್ದಿತು. ತಾವು ಬೆವರು ಸುರಿಸಿದ್ದ ತಂಡ ತಲೆತಗ್ಗಿಸಿ ನಡೆಯುವಾಗ ಯೂಸ್ಟೇಸರ ಕಣ್ಣು ಒದ್ದೆಯಾಯಿತು; ಆದರೂ ಮೊದಲು ಹೋಗಿ ಅಣ್ಣುವಿನ ಕೈ ಕುಲುಕಿದರು.

ನೆವಿಲ್ ಒಂದು ವರ್ಷ ಅವರೊಡನೆ ಮಾತು ಬಿಟ್ಟ. ಮರುವರ್ಷದ ಸಭೆಯಲ್ಲಿ ಕಾರ್ಯದರ್ಶಿ ಸ್ಥಾನಕ್ಕೆ ಮತ್ತೆ ಅವರ ಹೆಸರನ್ನು ಸೂಚಿಸಿದವನೂ ಅವನೇ.