ತೋಳಿನ ಸಿನಿಮಾಕ್ಕೆ ಕಾರಿನ ರೇಡಿಯೇಟರ್

ರೇಡಿಯೇಟರ್ ಎಲ್ಲಿ ಸೋರುತ್ತಿದೆ ಎಂದು ಅವಳು ಹುಡುಕುವುದೇ ಬೇಡ, ಅದೇ ಬಾಯಿಬಿಟ್ಟು ಹೇಳುತ್ತದೆ ಎಂಬುದು ಲಾರಿ ಡ್ರೈವರುಗಳ ನಂಬಿಕೆ. ಪೆಟ್ರೋಲ್ ಬಂಕಿನ ಹಿಂದಿನ ಗಲ್ಲಿಯಲ್ಲಿ, ತಗಡಿನ ಸೂರಿನ ಕೆಳಗೆ, ಇಪ್ಪತ್ತೆರಡು ವರ್ಷಗಳಿಂದ ಅವಳದು ರೇಡಿಯೇಟರ್ ರಿಪೇರಿಯದೇ ಕಸುಬು. ಅಪ್ಪನಿಂದ ಬಂದ ಅಂಗಡಿ, ಅಪ್ಪನಿಂದಲೇ ಬಂದ ಜೋರು ಬಾಯಿ. ಎಲ್ಲರೂ ಅವಳನ್ನು ಕರೆಯುವುದು ಸೋರಿಕೆ ಅಕ್ಕ ಎಂದೇ. ಅವಳಿಗಿಂತ ಹತ್ತು ವರ್ಷ ದೊಡ್ಡವರು ಕೂಡ.

ಆ ಶನಿವಾರ ಬೆಳಿಗ್ಗೆ ಏಳಕ್ಕೆ ಅವಳು ಅಂಗಡಿಗೆ ಹೊರಡಲು ಚಪ್ಪಲಿ ಮೆಟ್ಟಿಕೊಳ್ಳುತ್ತಿದ್ದಾಗ ಒಳಕೋಣೆಯಿಂದ ಅಮ್ಮನ ದನಿ ಬಂತು.

"ಮತ್ತೆ ಆಫ್ ಆಯ್ತು ಕಣೇ."

ಅಮ್ಮ ನಲವತ್ತು ವರ್ಷ ಊರಿನವರ ಬಟ್ಟೆ ಹೊಲಿದವರು. ಅರವತ್ನಾಲ್ಕಕ್ಕೆ ಹೊಲಿಗೆ ನಿಲ್ಲಿಸಿ, ಗ್ರಂಥಾಲಯದ ಪುಕ್ಕಟೆ ತರಗತಿಯಲ್ಲಿ ಕಂಪ್ಯೂಟರ್ ಕಲಿತು, ಯಾರೋ ಬಳಸಿ ಬಿಟ್ಟ ಒಂದು ಡಬ್ಬವನ್ನು ಕೊಂಡು, ಮೂರು ವರ್ಷದಿಂದ ಅದರ ಮುಂದೆಯೇ ಕೂತಿದ್ದರು. ಮಾಡುತ್ತಿದ್ದುದು ಏಳು ನಿಮಿಷದ ಒಂದು ಬೊಂಬೆ ಸಿನಿಮಾ. ಅರ್ಧ ಹೊಲಿದ ಅಂಗಿಯಿಂದ ಒಂದು ತೋಳು ಕಿತ್ತುಕೊಂಡು ಓಡಿಹೋಗುವ ಕಥೆ. ಅದನ್ನು ಸಂಜೆ ಐದಕ್ಕೆ ಗ್ರಂಥಾಲಯದ ಹಾಲ್‌ನಲ್ಲಿ ತೋರಿಸುವುದೆಂದು ನಿಗದಿಯಾಗಿತ್ತು. ಆದರೆ ಅದಕ್ಕೆ ಮೊದಲು ಕಂಪ್ಯೂಟರ್ ಒಂದೊಂದೇ ಚಿತ್ರವನ್ನು ತಯಾರಿಸಿ ಜೋಡಿಸಬೇಕು. ಐದೂವರೆ ಗಂಟೆಯ ಕೆಲಸ ಬಾಕಿ ಇತ್ತು. ಆ ಡಬ್ಬವೋ, ಅರ್ಧ ಗಂಟೆ ದುಡಿದರೆ ಕಾದು ಕೆಂಡವಾಗಿ ತಾನೇ ಆರಿಹೋಗುತ್ತದೆ. ಮತ್ತೆ ಒಂದು ಗಂಟೆ ಮುಟ್ಟುವಂತಿಲ್ಲ.

"ನಾಲ್ಕೂವರೆಗೆ ಕೈಗೆ ಸಿಗದಿದ್ರೆ ಪಟ್ಟಿಯಿಂದ ತೆಗೀತೀವಿ ಅಂದಿದಾರೆ ಲೈಬ್ರರಿ ಮೇಡಂ. ಹೋಗ್ಲಿ ಬಿಡು, ನನ್ನ ಹಣೇಲಿ ಅಷ್ಟೇ ಬರ್ದಿರೋದು," ಎಂದರು ಅಮ್ಮ, ಮುಖ ಗೋಡೆಯ ಕಡೆ ತಿರುಗಿಸಿಕೊಂಡು.

ಅವಳಿಗೆ ನಾಚಿಕೆಯಾಯಿತು. ಈ ಮೂರು ವರ್ಷದಲ್ಲಿ ಅವಳು ಆ ಪರದೆಯ ಕಡೆ ಒಮ್ಮೆಯೂ ಸರಿಯಾಗಿ ಕಣ್ಣು ಹಾಯಿಸಿರಲಿಲ್ಲ. ಅಮ್ಮನಿಗೆ ಹೊತ್ತು ಹೋಗಬೇಕಲ್ಲ ಎಂದುಕೊಂಡು ಸುಮ್ಮನಿದ್ದಳು. ಚಪ್ಪಲಿ ಬಿಟ್ಟು ಒಳಗೆ ಬಂದು ಡಬ್ಬದ ಪಕ್ಕದ ತಗಡು ಬಿಚ್ಚಿ ಕೈ ಹಾಕಿದವಳೇ ಸರಕ್ಕನೆ ಹಿಂದಕ್ಕೆಳೆದುಕೊಂಡಳು.

"ಇದು ಎಂಜಿನ್ ಕಣಮ್ಮಾ! ಇಷ್ಟು ಸುಡೋ ಎಂಜಿನ್ನಿಗೆ ಅಂಗೈಯಷ್ಟು ಫ್ಯಾನಾ? ಇದನ್ನ ಮಾಡಿದೋರನ್ನ ಒಂದು ವಾರ ನನ್ನ ಅಂಗಡಿಗೆ ಕಳಿಸ್ಬೇಕು. ನೀನು ಏನೂ ಮುಟ್ಬೇಡ, ಈಗ ಬಂದೆ."

ಸ್ಕೂಟರ್ ಏರಿ ಹೋದವಳು ಮುಕ್ಕಾಲು ಗಂಟೆಯಲ್ಲಿ ಒಂದು ಗೋಣಿಚೀಲ ಹೊತ್ತು ಬಂದಳು. ಚೀಲದಿಂದ ಒಂದೊಂದೇ ಹೊರಬಿತ್ತು. ಗುಜರಿಗೆ ಹೋದ ಕಾರಿನ ಹೀಟರಿಗಿದ್ದ ಪುಸ್ತಕದಷ್ಟು ಅಗಲದ ಪುಟ್ಟ ರೇಡಿಯೇಟರ್, ಮೀನಿನ ತೊಟ್ಟಿಯ ಪಂಪು, ಗಾರೆಯವರು ಮಟ್ಟ ನೋಡುವ ಪಾರದರ್ಶಕ ಪೈಪು, ಬ್ಯಾಟರಿಗೆ ಹಾಕುವ ನೀರಿನ ಎರಡು ಕ್ಯಾನು. ಅಂಗಡಿಯಲ್ಲೇ ಒಂದು ತಾಮ್ರದ ತುಂಡಿನ ಬೆನ್ನಿಗೆ ತಾಮ್ರದ ಕೊಳವೆಯನ್ನು ಹಾವಿನಂತೆ ಬಳುಕಿಸಿ ಬೆಸೆದು ತಂದಿದ್ದಳು. ಅದರ ತಳವನ್ನು ಗಾಜಿನ ಮೇಲೆ ಹಾಸಿದ ಎಮರಿ ಕಾಗದಕ್ಕೆ ಉಜ್ಜಿ ಉಜ್ಜಿ, ಮುಖ ಕಾಣುವಷ್ಟು ಮಿರುಗಿಸಿದಳು.

ಆ ತುಂಡನ್ನು ಕಂಪ್ಯೂಟರಿನ ಸುಡುವ ಚಿಪ್‌ನ ಮೇಲೆ ಹದವಾಗಿ ಒತ್ತಿ ಕೂರಿಸಲು ನಾಲ್ಕು ಸ್ಪ್ರಿಂಗು ಬೇಕಿತ್ತು. ಅವಳ ಸ್ಪ್ರಿಂಗುಗಳೆಲ್ಲ ಲಾರಿಯವು. ಅಮ್ಮ ಎದ್ದು ಹೋಗಿ ಹಳೆಯ ಹೊಲಿಗೆ ಮಿಷನ್ನಿನ ಬಿಡಿಭಾಗಗಳ ಡಬ್ಬಿ ತಂದು ಮುಂದಿಟ್ಟರು. ಅಳತೆಗೆ ಸರಿಯಾಗಿ ನಾಲ್ಕು ಸಿಕ್ಕವು.

"ಭಲೇ ಅಮ್ಮ!" ಎಂದು ಅವಳು ಕುಣಿದಳು. ಅಮ್ಮನ ಮುಖದಲ್ಲಿ ಆ ದಿನದ ಮೊದಲ ನಗು ಕಂಡಿತು.

ಪೈಪು ಜೋಡಿಸಿದ ಮೇಲೆ ಒಂದು ತುದಿ ಮುಚ್ಚಿ, ಇಡೀ ಜೋಡಣೆಯನ್ನು ಬಚ್ಚಲಿನ ಬಕೆಟ್ಟಿನಲ್ಲಿ ಮುಳುಗಿಸಿ, ಇನ್ನೊಂದು ತುದಿಗೆ ಬಾಯಿಟ್ಟು ಕೆನ್ನೆ ಉಬ್ಬಿಸಿ ಊದಿದಳು. ಒಂದು ಗುಳ್ಳೆಯೂ ಏಳಲಿಲ್ಲ. ಒರೆಸಿ ತಂದು ಕೂರಿಸಿ, ನೀರು ತುಂಬಿ, ರೇಡಿಯೇಟರಿನ ಮುಂದೆ ಟೇಬಲ್ ಫ್ಯಾನ್ ಇಟ್ಟಾಗ ಒಂಬತ್ತೂವರೆ.

"ಕರೆಂಟಿರೋ ಡಬ್ಬದೊಳಗೆ ನೀರು ಬಿಡ್ತಿದೀಯಲ್ಲೇ, ನನ್ನ ತೋಳು ಸುಟ್ಟು ಹೋಗಲ್ವಾ?"

"ನಂದು ಸೋರಿದ್ದುಂಟೇನಮ್ಮಾ?"

ಸೋರಲಿಲ್ಲ ನಿಜ. ಆದರೆ ಕಾಲು ಗಂಟೆಯಲ್ಲಿ ಡಬ್ಬ ಠಪ್ಪೆಂದು ಆರಿಹೋಯಿತು. ಮೊದಲಿಗಿಂತ ಬೇಗ! ಅಮ್ಮ ಕುರ್ಚಿಯಲ್ಲಿ ಕುಸಿದರು. ಪಂಪು ಗುಂಯ್ ಎನ್ನುತ್ತಲೇ ಇತ್ತು. ಅವಳು ತಾಮ್ರದ ಕಡೆಯ ಪೈಪು ಮುಟ್ಟಿ ನೋಡಿದಳು, ಸುಡುತ್ತಿತ್ತು. ರೇಡಿಯೇಟರ್ ಮುಟ್ಟಿದಳು, ತಣ್ಣಗಿತ್ತು. ಯಾವ ಡ್ರೈವರ್ ಬಂದು ಹೀಗೆಂದರೂ ಅವಳು ತಲೆ ಎತ್ತದೆ ಹೇಳುತ್ತಿದ್ದ ಮಾತು ಒಂದೇ: ವಾಲ್ವ್ ಮುಚ್ಚಿಕೊಂಡಿದೆ.

ಅವಳು ಹಣೆ ಹಣೆ ಚಚ್ಚಿಕೊಂಡಳು. ಕಾರಿನ ಎಂಜಿನ್ ಮೊದಲು ಬೆಚ್ಚಗಾಗಬೇಕು. ಅದಕ್ಕೇ ನೀರಿನ ದಾರಿಯಲ್ಲಿ ಒಂದು ವಾಲ್ವ್ ಇರುತ್ತದೆ, ನೀರು ಕುದಿಯುವ ಹತ್ತಿರ ಬಂದಾಗಲೇ ಅದು ಬಾಯಿ ತೆರೆಯುವುದು. ಅದನ್ನು ಕಿತ್ತು ಬಿಸಾಡುವ ಡ್ರೈವರುಗಳಿಗೆ ಇಪ್ಪತ್ತೆರಡು ವರ್ಷ ಮಂಗಳಾರತಿ ಮಾಡಿದ ಕೈ, ತಾನೇ ತಾನಾಗಿ ಇಲ್ಲೂ ಒಂದು ವಾಲ್ವ್ ಕೂರಿಸಿಬಿಟ್ಟಿತ್ತು. ನೀರು ಕುದಿಯಲಿ ಎಂದು ಅದು ಕಾಯುತ್ತಿತ್ತು. ಕಂಪ್ಯೂಟರ್ ಅದಕ್ಕೆ ಮೊದಲೇ ಕಣ್ಣು ಮುಚ್ಚಿತ್ತು.

"ಏನಾಯ್ತೇ?"

"ನಿನ್ನ ಮಗಳು ಭಾರಿ ಮೆಕ್ಯಾನಿಕ್ ಕಣಮ್ಮಾ, ಅದೇ ಆಗಿದ್ದು!" ಎಂದು ನಗುತ್ತಲೇ ಸ್ಪ್ಯಾನರ್ ಕೈಗೆತ್ತಿಕೊಂಡಳು.

ವಾಲ್ವ್ ಕಿತ್ತು, ಮತ್ತೆ ಊದಿ ಪರೀಕ್ಷಿಸಿ, ಡಬ್ಬ ತಣಿಯಲು ಬಿಟ್ಟು, ಮರಳಿ ಶುರು ಮಾಡಿದಾಗ ಗಂಟೆ ಹತ್ತೂವರೆ. ಎಲ್ಲ ಸರಿಹೋದರೆ ನಾಲ್ಕಕ್ಕೆ ಮುಗಿಯಬೇಕು. ಇನ್ನೊಂದು ಎಡವಟ್ಟಿಗೆ ಜಾಗವಿರಲಿಲ್ಲ.

ಪೈಪಿನಲ್ಲಿ ನೀರಿನ ಗುಳ್ಳೆಗಳು ಓಡತೊಡಗಿದವು. ಪರದೆಯ ಮೂಲೆಯಲ್ಲಿ ಬಿಸಿ ತೋರಿಸುವ ಅಂಕಿ ಐವತ್ತೆಂಟಕ್ಕೆ ಬಂದು ನಿಂತಿತು. ಇಪ್ಪತ್ತು ನಿಮಿಷ. ಇಪ್ಪತ್ತೆಂಟು. ಮೂವತ್ತು ದಾಟುವಾಗ ಇಬ್ಬರೂ ಒಬ್ಬರ ಕೈ ಒಬ್ಬರು ಹಿಡಿದಿದ್ದರು. ಮೂವತ್ತೈದು! ಅಂಕಿ ಅಲ್ಲಾಡಲಿಲ್ಲ. ಅವಳು ಹೋ ಎಂದು ಕೂಗಿದ ರಭಸಕ್ಕೆ ಪಕ್ಕದ ಮನೆಯವರು ಕಿಟಕಿ ತೆರೆದರು.

ಅಷ್ಟರಲ್ಲಿ ಯಾರೋ ಡ್ರೈವರ್ ಫೋನ್ ಮಾಡಿ, ಅಂಗಡಿ ಯಾಕೆ ಮುಚ್ಚಿದೆ ಅಕ್ಕ ಎಂದು ಕೇಳಿದ.

"ಮನೇಲಿ ದೊಡ್ಡ ಗಾಡಿ ನಿಂತಿದೆ. ಸೋಮವಾರ ಬಾರಪ್ಪ."

ಫೋನ್ ಇಟ್ಟು ಪರದೆ ನೋಡಿದರೆ, ಅಲ್ಲಿ ಆ ತೋಳು ದೀಪದ ಕಂಬ ಹತ್ತುತ್ತಿತ್ತು. ಕಂಬಕ್ಕೆ ತನ್ನನ್ನು ತೊಡಿಸಲು ಹೊರಟಿತ್ತು. ಅದರ ಗುಂಡಿ, ಎಳೆ ಬಿಟ್ಟ ದಾರ, ಅದರ ಪೆದ್ದು ಹಠ! ನಿಮಿಷಕ್ಕೆ ಒಂದೆರಡು ಸೆಕೆಂಡಿನ ಕಥೆಯಷ್ಟೇ ಮೂಡುತ್ತಿದ್ದರೂ ಅವಳು ಕಣ್ಣು ಕೀಳಲಿಲ್ಲ.

"ಜಾರಿ ಬೀಳುತ್ತಾ ಅಮ್ಮ? ಮುಂದೇನಾಗುತ್ತೆ ಹೇಳೇ!"

ಅಮ್ಮ ಒಂದು ರವಿಕೆ ಬಟ್ಟೆ ತಂದು ಪರದೆಯ ಮೇಲೆ ಹೊದಿಸಿದರು. "ಎಲ್ಲರ ಹಾಗೆ ಹಾಲ್‌ಗೆ ಬಂದು ನೋಡು. ನಿನ್ನ ಕೆಲಸ ನೀರು ನೋಡೋದು."

ನಾಲ್ಕಕ್ಕೆ ಐದು ನಿಮಿಷವಿರುವಾಗ ಸಿನಿಮಾ ಮುಗಿಯಿತು. ಪೆನ್‌ಡ್ರೈವನ್ನು ಅಮ್ಮ ಸೆರಗಿನ ತುದಿಗೆ ಗಂಟು ಹಾಕಿಕೊಂಡರು. ಸ್ಕೂಟರ್ ಹಾರಿತೆಂದೇ ಹೇಳಬೇಕು. ನಾಲ್ಕೂಕಾಲಿಗೆ ಅದು ಲೈಬ್ರರಿ ಮೇಡಂ ಕೈಯಲ್ಲಿತ್ತು.

ಹಾಲ್‌ನಲ್ಲಿ ದೀಪ ಆರಿತು. ತೋಳು ಕಂಬದಿಂದ ಜಾರಿತು, ಬೆಕ್ಕಿನ ಬಾಲಕ್ಕೆ ಸಿಕ್ಕಿಕೊಂಡಿತು, ಯಾರ ಕೈಗೂ ಒಗ್ಗದೆ ಊರೆಲ್ಲ ಅಲೆಯಿತು. ಜನ ಬಿದ್ದು ಬಿದ್ದು ನಕ್ಕರು. ಕೊನೆಗೆ ಅದು ಒಂದು ಮಹಡಿಯ ಮೇಲಿನ ಬಟ್ಟೆ ಒಣಹಾಕುವ ತಂತಿಗೆ ಸಿಕ್ಕಿಕೊಂಡಿತು. ಗಾಳಿ ಬೀಸಿತು. ಖಾಲಿ ತೋಳು ಗಾಳಿ ತುಂಬಿಕೊಂಡು, ಯಾರ ಕೈಯ ಹಂಗೂ ಇಲ್ಲದೆ, ಉಬ್ಬಿ ಎದ್ದು ಆಕಾಶಕ್ಕೆ ಚಾಚಿ ನಿಂತಿತು. ಹಾಲ್ ಚಪ್ಪಾಳೆಯಲ್ಲಿ ಮುಳುಗಿತು. ಅವಳ ಕಣ್ಣಿಂದ ನೀರು ಸುರಿಯುತ್ತಿತ್ತು. ಒರೆಸಿಕೊಳ್ಳುವ ಪರಿವೆಯೂ ಇರಲಿಲ್ಲ.

ಹಿಂದಿನ ಸಾಲಿನಲ್ಲಿ ಒಬ್ಬರು ಪಕ್ಕದವರನ್ನು ಕೇಳಿದರು: "ಯಾರ್ರೀ ಮಾಡಿರೋದು ಇದನ್ನ? ಯಾವುದೋ ಕಂಪನಿಯವರಾ?"

ಅವಳು ದಡಕ್ಕನೆ ಎದ್ದು ನಿಂತಳು. ಲಾರಿಗಳ ಸದ್ದಿನ ಮೇಲೆ ಕೂಗಿ ಅಭ್ಯಾಸವಿದ್ದ ಆ ಗಂಟಲು ಇಡೀ ಹಾಲ್‌ಗೆ ಕೇಳಿಸಿತು. "ಕಂಪನಿ ಅಲ್ಲ ರೀ, ನಮ್ಮಮ್ಮ! ಇಲ್ಲೇ ಕೂತಿದಾರೆ ನೋಡಿ, ಇವರೇ! ಮೂರು ವರ್ಷ ಒಬ್ಬರೇ ಕೂತು ಮಾಡಿದ್ದು. ಒಂದೇ ಮನೇಲಿದ್ದು ನಾನು ಒಂದು ದಿನಾನೂ ಏನಮ್ಮಾ ಅದು ಅಂತ ಕೇಳಿರ್ಲಿಲ್ಲ!"

"ಕೂತ್ಕೊಳ್ಳೇ, ಮಾನ ಕಳೀಬೇಡ," ಎಂದು ಅಮ್ಮ ಅವಳ ಕೈ ಹಿಡಿದು ಜಗ್ಗಿದರು.

ಅವಳು ಕೂರಲಿಲ್ಲ. ಜಗ್ಗುತ್ತಿದ್ದ ಆ ಕೈಯನ್ನೇ ಗಟ್ಟಿಯಾಗಿ ಹಿಡಿದು, ಅಮ್ಮನನ್ನೂ ಎಬ್ಬಿಸಿ ನಿಲ್ಲಿಸಿದಳು.