ಕಾಗೆಯ ಪಾಲಿನ ತುತ್ತು

ಆ ದಿನಗಳಲ್ಲಿ, ಅಮೆರಿಕದ ಸಮಾಮಿಶ್‌ನ ನಮ್ಮ ಮನೆಯಲ್ಲಿ, ನೀಲಿಗೆ ಉಣ್ಣಿಸುವ ಅಧಿಕಾರ ಇದ್ದದ್ದು ಒಬ್ಬರಿಗೇ. ಆ ಒಬ್ಬರು ನಾನಲ್ಲ. ಒಂಬತ್ತು ವರ್ಷದ ನನಗೆ ಅದಕ್ಕಿಂತ ದೊಡ್ಡ ಅನ್ಯಾಯ ಭೂಮಿಯ ಮೇಲೆ ಇನ್ನೊಂದಿದೆ ಎಂದು ಅನ್ನಿಸಿರಲಿಲ್ಲ.

ತಮ್ಮನನ್ನೋ ತಂಗಿಯನ್ನೋ ಸೊಂಟದ ಮೇಲೆ ಹೊತ್ತುಕೊಂಡೇ ಕುಂಟಬಿಲ್ಲೆ ಆಡಿದವರಿಗೆ ನನ್ನ ಸಿಟ್ಟು ಅರ್ಥವಾದೀತು. ನೀಲಿ ನನ್ನ ತಂಗಿ. ಅವಳಿಗೆ ಎಂಟು ತಿಂಗಳಾಗಿದ್ದಾಗ ನಮ್ಮ ಹೆತ್ತವ್ವ ತೀರಿಕೊಂಡಳು. ನೋಡಿಕೊಳ್ಳುವವರು ಯಾರೂ ಇರಲಿಲ್ಲ, ಕೊಪ್ಪಳದ ಕಡೆಯ ಒಂದು ಆಶ್ರಮಕ್ಕೆ ಇಬ್ಬರನ್ನೂ ಸೇರಿಸಿದರು. ಅಲ್ಲಿ ನಲವತ್ತು ಮಕ್ಕಳಿಗೆ ಇಬ್ಬರು ಆಯಾಗಳು. ಹಾಗಾಗಿ ನೀಲಿಯ ಮೂಗು ಒರೆಸಿದವಳು, ಹೇನು ತೆಗೆದವಳು, ಉಣ್ಣಿಸಿದವಳು ಎಲ್ಲ ನಾನೇ. ಅವಳು ನನ್ನನ್ನು ಕರೆಯುತ್ತಿದ್ದುದು ‘ಅಕ್ಕವ್ವ’ ಎಂದು. ಒಂದೇ ತಾಟಿನಲ್ಲಿ ಅನ್ನ ಸಾರು ಕಲಸಿ, “ಇದು ಗುಬ್ಬಿದು, ಇದು ಕಾಗಿದು, ಇದು ನಮ್ಮ ನೀಲಿದು” ಎನ್ನುತ್ತ ಎಲ್ಲರ ಪಾಲನ್ನೂ ಅವಳ ಬಾಯಿಗೇ ಇಡುತ್ತಿದ್ದೆ. ಕೊನೆಯ ತುತ್ತು ಮಾತ್ರ ನಿಜವಾಗಿಯೂ ಕಾಗೆಗೆ. ಅದನ್ನು ಅವಳ ಮುಖಕ್ಕೆ ಮೂರು ಸುತ್ತು ನಿವಾಳಿಸಿ ಕಂಪೌಂಡ್ ಗೋಡೆಯ ಮೇಲೆ ಇಡಬೇಕು. ಇಡದಿದ್ದರೆ ಊಟ ಮುಗಿದ ಲೆಕ್ಕವೇ ಅಲ್ಲ, ತಾಟಿನ ಮುಂದಿನಿಂದ ಏಳುತ್ತಲೇ ಇರಲಿಲ್ಲ ಆ ಹಟಮಾರಿ.

ನಮ್ಮನ್ನು ದತ್ತು ತೆಗೆದುಕೊಂಡ ಅಮ್ಮ ಅಪ್ಪ ಮೈಸೂರಿನವರು. ಅಪ್ಪನ ಆಫೀಸು ಪಕ್ಕದ ಊರು ಬಾಥೆಲ್‌ನ ನಾರ್ತ್ ಕ್ರೀಕಿನಲ್ಲಿ. ಅಮ್ಮ ನಮಗಾಗಿ ಆರು ತಿಂಗಳು ರಜೆ ಹಾಕಿ ಮನೆಯಲ್ಲೇ ಇದ್ದಳು. ನಾವು ಬಂದಿಳಿದದ್ದು ಅಕ್ಟೋಬರಿನಲ್ಲಿ, ನೀಲಿಗೆ ಆಗ ಮೂರು ವರ್ಷ. ಜಿಟಿಜಿಟಿ ಮಳೆ, ಹೀಟರಿನಿಂದ ಬರುವ ಬೆಚ್ಚನೆಯ ಧೂಳಿನ ವಾಸನೆ, ಕಾಲಿಟ್ಟರೆ ಹೂತುಹೋಗುವ ಕಾರ್ಪೆಟ್ಟು. ರಸ್ತೆಯಲ್ಲಿ ಮನುಷ್ಯರೇ ಕಾಣದೆ ಬರೀ ಕಾರುಗಳು ಓಡಾಡುವುದನ್ನು ನೋಡಿ ನೀಲಿ, “ಅಕ್ಕವ್ವ, ಇಲ್ಲಿ ಮಂದಿ ಯಾವಾಗ ಬರ್ತಾರ?” ಎಂದು ಕೇಳಿದ್ದಳು.

ಫ್ರಿಜ್ಜಿನ ಬಾಗಿಲಿಗೆ ಒಂದು ಹಾಳೆ ಅಂಟಿಸಿದ್ದರು. ದತ್ತು ಕೊಡಿಸಿದ ಏಜೆನ್ಸಿಯವರು ಹೇಳಿಕೊಟ್ಟ ನಿಯಮಗಳನ್ನು ಅಮ್ಮ ಟೈಪ್ ಮಾಡಿದ್ದಳು. ಮೊದಲ ಆರು ತಿಂಗಳು ಮಕ್ಕಳಿಗೆ ಉಣ್ಣಿಸುವುದು, ಸ್ನಾನ ಮಾಡಿಸುವುದು, ಎತ್ತಿಕೊಳ್ಳುವುದು ಎಲ್ಲ ತಂದೆತಾಯಿಯೇ ಮಾಡಬೇಕು, ಬೇರೆ ಯಾರೂ ಕೂಡದು. ಹಾಗೆ ಮಾಡಿದರೆ ಇವರೇ ನಮ್ಮ ಅಪ್ಪ ಅಮ್ಮ ಎಂದು ಮಕ್ಕಳಿಗೆ ಗೊತ್ತಾಗುತ್ತದಂತೆ. ದೀಪಾವಳಿಗೆ ಪಕ್ಕದ ಬೀದಿಯ ಆಂಟಿಯೊಬ್ಬರು ಚಕ್ಕುಲಿ ತಂದು ನೀಲಿಯ ಕೈಗೆ ಕೊಡಲು ಬಗ್ಗಿದರೆ ಅಪ್ಪ ನಡುವೆ ಕೈ ಹಾಕಿ, “ಅಯ್ಯೋ, ನೀವು ಕೊಡ್ಬೇಡಿ, ನನಗೆ ಕೊಡಿ, ನಾನು ಅವಳಿಗೆ ಕೊಡ್ತೀನಿ” ಎಂದು ಕಿತ್ತುಕೊಂಡುಬಿಟ್ಟ. “ಒಂದು ಚಕ್ಕುಲಿಗೂ ಪರ್ಮಿಷನ್ ಬೇಕೇನ್ರೀ?” ಎಂದು ಆಂಟಿ ಮುಖ ಊದಿಸಿಕೊಂಡು ಹೋದರು. ನಾನು ಒಳಗೊಳಗೇ ನಕ್ಕೆ. ಆದರೆ ಆ ಹಾಳೆಯ ‘ಬೇರೆ ಯಾರೂ’ ಎಂಬುದರಲ್ಲಿ ನಾನೂ ಸೇರಿದ್ದೆ.

ಅದು ತಿಳಿದದ್ದು ಬಂದ ಎರಡನೆಯ ದಿನವೇ. ನಾನು ಎಂದಿನಂತೆ ಅನ್ನ ಕಲಸಲು ಕೂತಾಗ ಅಮ್ಮ ತಟ್ಟೆಯನ್ನು ಮೆಲ್ಲಗೆ ತನ್ನ ಕಡೆಗೆ ಎಳೆದುಕೊಂಡಳು.

“ರೇಣು, ನೀನೂ ಮಗುನೇ ಪುಟ್ಟ. ಇಷ್ಟು ದಿನ ನೀನು ಮಾಡಿದ್ದು ಸಾಕು. ಇನ್ಮೇಲೆ ಅವಳಿಗೆ ತಿನ್ಸೋದು ನನ್ ಕೆಲಸ. ನೀನು ಆಟ ಆಡ್ಕೋ.”

“ಆಕಿ ನಿಮ್ಮ ಕೈಲೆ ಉಣ್ಣಂಗಿಲ್ರೀ.”

“ಅಭ್ಯಾಸ ಆಗತ್ತೆ. ಮತ್ತೆ, ರೀ ಅನ್ಬೇಡ, ಅಮ್ಮ ಅನ್ನು.”

ನನಗೆ ಪಿತ್ತ ನೆತ್ತಿಗೇರಿತು. ಆಟ ಆಡಬೇಕಂತೆ! ನನಗೆ ಗೊತ್ತಿದ್ದ ಆಟವೆಲ್ಲ ನೀಲಿಯನ್ನು ಸಾಕುವುದೇ ಆಗಿತ್ತು. ಅವಳನ್ನು ಕಿತ್ತುಕೊಂಡು ಒಂದು ರಾಶಿ ಪ್ಲಾಸ್ಟಿಕ್ ಬೊಂಬೆ ಕೊಟ್ಟರೆ ಏನು ಮಾಡಲಿ?

ನೀಲಿ ನನ್ನ ಮಾತನ್ನು ಉಳಿಸಿದಳು. ಅಮ್ಮ ತುತ್ತು ಹಿಡಿದರೆ ಬಾಯಿಗೆ ಬೀಗ. ಅಮ್ಮನ ಸಾರಿನಲ್ಲಿ ಬೆಲ್ಲ ಇರುತ್ತಿತ್ತು. ಅದೇ ಕಾರಣವೇನೋ ಎಂದು ಅಮ್ಮ ಬೆಲ್ಲ ಬಿಟ್ಟಳು. ಇಂಡಿಯನ್ ಸ್ಟೋರಿನಿಂದ ಜೋಳದ ಹಿಟ್ಟು ತಂದು, ಬಡಿಯಲು ಬಾರದೆ, ಲಟ್ಟಣಿಗೆಯಲ್ಲಿ ಒತ್ತಿ ಹರಿದ ರೊಟ್ಟಿ ಮಾಡಿದಳು. ಶೇಂಗಾ ಚಟ್ನಿ ಕುಟ್ಟಿದಳು. ಊಹೂಂ. ಹಾಲು ಬಿಟ್ಟರೆ ಅಮ್ಮನ ಕೈಯಿಂದ ಏನೂ ಇಳಿಯಲಿಲ್ಲ.

ಇಳಿಯದಿರಲು ಇನ್ನೊಂದು ಕಾರಣ ನಾನು. ಆ ಮನೆಯಲ್ಲಿ ಬಟ್ಟೆಗಳಿಗೇ ಒಂದು ಕೋಣೆ ಇತ್ತು. ಅಮ್ಮನ ರೇಷ್ಮೆ ಸೀರೆಗಳು, ನುಸಿಗುಳಿಗೆಯ ವಾಸನೆ. ನನ್ನ ತಟ್ಟೆಯಿಂದ ಚಪಾತಿ, ಪಲ್ಯ ಕದ್ದು ಟಿಶ್ಯೂನಲ್ಲಿ ಸುತ್ತಿ, ಅಪ್ಪನ ಕೋಟುಗಳ ಹಿಂದೆ ನೀಲಿಯನ್ನು ಕೂರಿಸಿಕೊಂಡು ದಿನವೂ ಉಣ್ಣಿಸುತ್ತಿದ್ದೆ. ಕೊನೆಯ ತುತ್ತನ್ನು ನಿವಾಳಿಸಿ ಮನೆ ಹಿಂದಿನ ಮರದ ಡೆಕ್ಕಿನ ಕಟಕಟೆಯ ಮೇಲೆ ಇಟ್ಟು ಬರುತ್ತಿದ್ದೆ. ನಮ್ಮ ಪುಣ್ಯಕ್ಕೆ ಆ ಊರಲ್ಲೂ ಕಾಗೆಗಳಿದ್ದವು. “ಈ ಚಪಾತಿ ಚೂರು ಎಲ್ಲಿಂದ ಬರತ್ತೆ ಇಲ್ಲಿ?” ಎಂದು ಅಮ್ಮ ಒಮ್ಮೆ ಗೊಣಗಿದ್ದಳು.

ಒಂದು ಸಂಜೆ ಅಪ್ಪ ನಮ್ಮನ್ನು ತನ್ನ ಆಫೀಸಿನ ಹತ್ತಿರ ಕರೆದುಕೊಂಡು ಹೋದ. ನಾರ್ತ್ ಕ್ರೀಕಿನ ಜೌಗು ನೆಲದ ಮರಗಳಿಗೆ ಮುಸ್ಸಂಜೆಗೆ ಕಾಗೆಗಳು ಬರುತ್ತವೆ, ಸಾವಿರಗಟ್ಟಲೆ. ಆಕಾಶವೇ ಕಪ್ಪಾಗಿ, ಕಿವಿ ಕಿವುಡಾಗುವಷ್ಟು ಕಾ ಕಾ. ನೀಲಿ ನನ್ನ ಅಂಗಿ ಜಗ್ಗಿ, “ಅಕ್ಕವ್ವ, ಇಷ್ಟಕ್ಕೂ ತುತ್ತು ಇಡಬೇಕನ?” ಎಂದಳು ಗಾಬರಿಯಿಂದ. ಅಪ್ಪನಿಗೆ ವಿಷಯ ತಿಳಿಯಲಿಲ್ಲ, ಆದರೂ ನಕ್ಕ. ನಾನೂ ನಕ್ಕೆ, ನಮ್ಮನ್ನು ನೋಡಿ ನೀಲಿಯೂ ನಕ್ಕಳು. ಆ ಆರು ತಿಂಗಳಲ್ಲಿ ನಾವು ಮೂವರೂ ಒಟ್ಟಿಗೆ ನಕ್ಕದ್ದು ನನಗೆ ನೆನಪಿರುವುದು ಅದೊಂದೇ ಸಲ.

ಎಲ್ಲ ಕೆಟ್ಟದ್ದು ಅದರ ಮರುವಾರ. ಸಾಮಾನು ಇಡುವ ಪ್ಯಾಂಟ್ರಿಯಲ್ಲಿ ಅಕ್ಕಿ ಮೂಟೆಯ ಮೇಲೆ ಕೂತು ಅಮ್ಮ ಮೈಸೂರಿನ ತನ್ನ ಅಮ್ಮನ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದಳು. ಅಳುತ್ತಿದ್ದಳು.

“ಒಂದು ತುತ್ತೂ ನನ್ ಕೈಯಿಂದ ತಗೊಳ್ಳಲ್ಲಮ್ಮ. ಸೋಮವಾರ ಏಜೆನ್ಸಿಯೋರು ನೋಡಕ್ಕೆ ಬರ್ತಾರೆ. ಏನಂತ ಹೇಳ್ಲಿ ಅವರಿಗೆ?”

ನಾನು ಬಾಗಿಲ ಹೊರಗೆ ನಿಂತು ಕೇಳಿಸಿಕೊಂಡೆ. ನಮ್ಮ ಆಶ್ರಮದಲ್ಲಿ ಕಸ್ತೂರಿ ಅಂತ ಒಬ್ಬಳಿದ್ದಳು. ಅವಳನ್ನು ಯಾರೋ ಕರೆದುಕೊಂಡು ಹೋದವರು ಎರಡೇ ತಿಂಗಳಿಗೆ, ಅದೇ ಟ್ರಂಕಿನ ಸಮೇತ, ವಾಪಸು ತಂದು ಬಿಟ್ಟಿದ್ದರು. ‘ಹೊಂದಲಿಲ್ಲ’ ಅಂದರಂತೆ. ಅದಾದ ಮೇಲೆ ಕಸ್ತೂರಿ ಮಾತಾಡುವುದನ್ನೇ ಬಿಟ್ಟಳು. ಸೋಮವಾರ ಬರುವವರು ನಮ್ಮನ್ನು ವಾಪಸು ಒಯ್ಯಲಿಕ್ಕೇ ಬರುವವರು ಎಂದು ನಾನು ತೀರ್ಮಾನಿಸಿದೆ. ಯಾರನ್ನೂ ಕೇಳಲಿಲ್ಲ. ಕೇಳುವ ಜಾಯಮಾನ ನನ್ನದಲ್ಲ, ಈಗಲೂ ಅಲ್ಲ.

ಅವತ್ತು ಬಟ್ಟೆಕೋಣೆಯಲ್ಲಿ ನೀಲಿ ಎಂದಿನಂತೆ ಬಾಯಿ ತೆರೆದು ಕೂತಳು.

“ಇನ್ನ ಮ್ಯಾಲೆ ನಾ ಉಣಸಂಗಿಲ್ಲ,” ಎಂದೆ.

“ಯಾಕ? ನನಗ ಹಸಿವಾಗೈತಿ.”

“ಅಡಗಿಮನ್ಯಾಗ ಅದಾಳಲ್ಲ, ಆಕಿನ ನಿನ್ನ ಅವ್ವ. ಆಕಿ ಹಂತೇಕ ಹೋಗು.”

ಅವಳು ಆಟವೆಂದುಕೊಂಡು ನಗುತ್ತ ನನ್ನ ಕೈ ಹಿಡಿದು ತನ್ನ ಬಾಯಿಯ ಹತ್ತಿರ ಎಳೆದುಕೊಂಡಳು. ನಾನು ಅವಳ ಕೈಯ ಮೇಲೆ ಹೊಡೆದೆ. ಮೆಲ್ಲಗಲ್ಲ, ಚಟಾರೆಂದು. “ನಾ ನಿನಗ ಯಾರೂ ಅಲ್ಲ. ಅಕ್ಕವ್ವ ಅಂತ ಕರೀಬ್ಯಾಡ ನನ್ನ,” ಎಂದೆ. ಅವಳು ಅಳಲಿಲ್ಲ. ಪೆಟ್ಟು ಬಿದ್ದ ಕೈಯನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡಳು. ನಾನು ಅವಳನ್ನು ಅಲ್ಲೇ ಬಿಟ್ಟು ಹೊರಗೆ ಬಂದೆ.

ಒಂದೂವರೆ ದಿನ ಉಪವಾಸವಿದ್ದಳು. ನಾನು ಅವಳ ಕಡೆ ತಿರುಗಿಯೂ ನೋಡಲಿಲ್ಲ, ನೋಡಿದ್ದರೆ ಸೋಲುತ್ತಿದ್ದೆ. ಮರುದಿನ ರಾತ್ರಿ ಅಮ್ಮ ಮೊಸರನ್ನದ ತುತ್ತು ಹಿಡಿದಾಗ ನೀಲಿ ಬಾಯಿ ತೆರೆದಳು. ಅಮ್ಮನ ಕಣ್ಣಲ್ಲಿ ದಳದಳ ನೀರು. ತಟ್ಟೆ ಖಾಲಿಯಾಯಿತು. ಕಾಗೆಗೆ ತುತ್ತು ಉಳಿಸಬೇಕೆಂದು ಅಮ್ಮನಿಗೆ ಗೊತ್ತಿರಲಿಲ್ಲ, ನೀಲಿಯೂ ಕೇಳಲಿಲ್ಲ.

ಸೋಮವಾರ ಏಜೆನ್ಸಿಯ ಹೆಂಗಸು ಬಂದರು. ನೆರೆತ ಕೂದಲಿನ, ನಗುಮುಖದ ಅಮೆರಿಕನ್. ಅವರು ಅಮ್ಮನ ಜೊತೆ ಇಂಗ್ಲಿಷಿನಲ್ಲಿ ಮಾತಾಡುತ್ತ ಫ್ರಿಜ್ಜಿನ ಹಾಳೆ ನೋಡಿದರು, ನನ್ನನ್ನು ನೋಡಿದರು, ಏನೋ ಕೇಳಿದರು. ಅಮ್ಮನ ಮುಖ ಬಿಳಿಚಿಕೊಂಡಿತು. ನಾನು ತಡೆಯಲಾರದೆ, “ನಮ್ಮನ್ನ ವಾಪಸ್ ಒಯ್ಯಾಕ ಬಂದಾರೇನ್ರೀ?” ಎಂದೆ.

“ವಾಪಸ್ಸಾ? ಯಾರು ಹೇಳಿದ್ರು ನಿಂಗೆ?” ಅಮ್ಮ ನನ್ನ ಮುಂದೆ ಮಂಡಿಯೂರಿ ಕೂತಳು. “ಯಾರೂ ಎಲ್ಲಿಗೂ ಕರ್ಕೊಂಡು ಹೋಗಲ್ಲ ಕಣೋ. ಚೆನ್ನಾಗಿದೀರಾ ಅಂತ ನೋಡಕ್ಕೆ ಬಂದಿದಾರೆ, ಅಷ್ಟೇ. ಆ ರೂಲು ಅಕ್ಕಪಕ್ಕದೋರಿಗೆ, ನೆಂಟರಿಗೆ ಮಾತ್ರವಂತೆ. ಅಕ್ಕನನ್ನ ಯಾಕೆ ದೂರ ಇಟ್ರಿ ಅಂತ ನನ್ನ ಕೇಳ್ತಿದಾರೆ. ನಾನೇ ತಪ್ಪು ತಿಳ್ಕೊಂಡೆ ಪುಟ್ಟ. ಇವತ್ತು ನೀನು ತಿನ್ಸು ಅವಳಿಗೆ.”

ಅಮ್ಮನೇ ಅನ್ನ ಸಾರು ಬಡಿಸಿ ತಟ್ಟೆಯನ್ನು ನನ್ನ ಮುಂದೆ ಇಟ್ಟಳು. ನಾನು ಕಲಸಿದೆ. “ಇದು ಗುಬ್ಬಿದು,” ಎಂದು ತುತ್ತು ಹಿಡಿದೆ. ನೀಲಿ ನನ್ನ ಕೈ ನೋಡಿದಳು. ತನ್ನ ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡಳು. ಆಮೇಲೆ ಅಮ್ಮನ ಮಡಿಲಿಗೆ ಮುಖ ತಿರುಗಿಸಿದಳು. ಮುದ್ದು ಮಾಡಿದೆ, ಬೇಡಿಕೊಂಡೆ, ಬೈದೆ. ಅವತ್ತೂ ತಿನ್ನಲಿಲ್ಲ, ಆಮೇಲೆಂದೂ ತಿನ್ನಲಿಲ್ಲ. ಅಕ್ಕವ್ವ ಅನ್ನಬೇಡ ಎಂದಿದ್ದೆನಲ್ಲ, ಅದನ್ನೂ ಅಚ್ಚುಕಟ್ಟಾಗಿ ಪಾಲಿಸಿದಳು. ವರ್ಷ ಕಳೆಯುವಷ್ಟರಲ್ಲಿ ನಾನು ಅವಳಿಗೆ ರೇಣು ಆಗಿದ್ದೆ.

ಅಮ್ಮನ ಮೇಲೆ ನನಗೆ ಸಿಟ್ಟಿಲ್ಲ. ಈಗಲೂ ಜ್ವರ ಬಂದರೆ ನಾನು ಮೊದಲು ಫೋನ್ ಮಾಡುವುದು ಅವಳಿಗೇ. ಆಶ್ರಮದ ಶಾಲೆಯಲ್ಲಿ ನಾಲ್ಕನೆಯ ತರಗತಿಗೆ ನಿಂತ ನನ್ನ ಕನ್ನಡವನ್ನು ಇಷ್ಟು ಬರೆಯುವಂತೆ ಬೆಳೆಸಿದವಳೂ ಅವಳೇ. ನೀಲಿಗೆ ಅವ್ವ ಬೇಕಾಗಿದ್ದಳು, ಸಿಕ್ಕಳು. ಅದಕ್ಕಾಗಿ ಅಕ್ಕವ್ವ ಹೋಗಬೇಕಾಗಿರಲಿಲ್ಲ. ಇಬ್ಬರೂ ಇರಬಹುದಿತ್ತು. ಒಂದು ಮಾತು ಕೇಳಿದ್ದರೆ ಸಾಕಿತ್ತು, ನಾನು ಕೇಳಲಿಲ್ಲ.

ನೀಲಿಗೆ ಈಗ ಹತ್ತೊಂಬತ್ತು, ಕಾಲೇಜು. ಕನ್ನಡ ಅರ್ಥವಾಗುತ್ತದೆ, ಉತ್ತರ ಮುಕ್ಕಾಲು ಇಂಗ್ಲಿಷಿನಲ್ಲಿ. ಕೊಪ್ಪಳ ನೆನಪಿಲ್ಲ, ಬಟ್ಟೆಕೋಣೆ ನೆನಪಿಲ್ಲ. ಈ ಚಳಿಗಾಲ ಹಿಮದಲ್ಲಿ ಜಾರಿ ಬಲಗೈ ಮುರಿದುಕೊಂಡಳು. ಅಮ್ಮ ಅಪ್ಪ ಮೈಸೂರಿಗೆ ಹೋಗಿದ್ದರಿಂದ ನಾನು ಕ್ಯಾನ್ಯನ್ ಪಾರ್ಕಿನ ನನ್ನ ಅಪಾರ್ಟ್‌ಮೆಂಟಿನಿಂದ ಅಡುಗೆ ಮಾಡಿಕೊಂಡು ಅವಳಿದ್ದ ಅಮ್ಮನ ಮನೆಗೆ ಹೋದೆ. ಪ್ಲಾಸ್ಟರ್ ಹಾಕಿದ ಕೈ ನೋಡಿದ್ದೇ, ಯಾವ ಯೋಚನೆಯೂ ಇಲ್ಲದೆ ಅನ್ನ ಸಾರು ಕಲಸಿ, ತುತ್ತು ಕಟ್ಟಿ, ಅವಳ ಮುಂದೆ ಹಿಡಿದೆ.

ಅವಳು ನಕ್ಕಳು. ಪ್ರೀತಿಯಿಂದಲೇ ನಕ್ಕಳು.

“ಇಟ್ಸ್ ಓಕೆ, ರೇಣು. ಸ್ಪೂನ್ ಕೊಡು, ಎಡಗೈಯಲ್ಲಿ ಐ ಕ್ಯಾನ್ ಮ್ಯಾನೇಜ್.”

ಸ್ಪೂನ್ ತಂದುಕೊಟ್ಟೆ. ಕಟ್ಟಿದ ತುತ್ತು ನನ್ನ ಕೈಯಲ್ಲೇ ಇತ್ತು. ಅವಳು ಫೋನು ನೋಡುತ್ತ ತಿನ್ನತೊಡಗಿದಾಗ ಅದನ್ನು ಅವಳ ಬೆನ್ನ ಹಿಂದಿನಿಂದ ಮೂರು ಸುತ್ತು ನಿವಾಳಿಸಿ, ಡೆಕ್ಕಿನ ಬಾಗಿಲು ತೆರೆದು, ಕಟಕಟೆಯ ಮೇಲೆ ಇಟ್ಟು ಬಂದೆ.